ಲ್ಯಾಬಿನಲ್ಲಿ ಕೆಲಸ

ಬಸ್ತಿಹಳ್ಳಿಗೆ ದಾರಿ ಕೇಳಿಕೊಂಡು ಬರುವವರು ಕಡಿಮೆ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಮುಂದೆ ನಿಲ್ಲುವ ಪ್ರವಾಸದ ಬಸ್ಸುಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಬೇಲೂರಿನ ಕಡೆ ತಿರುಗಿಬಿಡುತ್ತವೆ. ಅರ್ಧ ಕಿಲೋಮೀಟರ್ ನಡೆದರೆ ಮೂರು ಜಿನಾಲಯಗಳಿವೆ ಎಂಬುದು ಎಷ್ಟೋ ಜನಕ್ಕೆ ಊರಿಗೆ ವಾಪಸಾದ ಮೇಲೆ ಪುಸ್ತಕ ಓದಿ ಗೊತ್ತಾಗುತ್ತದೆ. ನಡೆದು ಬಂದವರಿಗೆ ಮಾತ್ರ ಪಾರ್ಶ್ವನಾಥ ಬಸದಿಯ ಕಂಬಗಳು ಸಿಗುತ್ತವೆ. ಕನ್ನಡಿಯ ಹಾಗೆ ಹೊಳಪು ಕೊಟ್ಟ ಆ ಕಂಬಗಳಲ್ಲಿ ಮುಖ ನೋಡಿಕೊಂಡು ನಗದ ಮಕ್ಕಳಿಲ್ಲ. ಒಂದು ಕಡೆ ಉದ್ದ, ಇನ್ನೊಂದು ಕಡೆ ಕುಳ್ಳು.

ಈ ಊರಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಸಾಲಾಗಿ ಬಸದಿಗೆ ಕರೆದೊಯ್ದು ತೋರಿಸುವುದು ಅವರ ನೌಕರಿಯ ಕಾಲದ ರೂಢಿ. 1133ರಲ್ಲಿ ದಂಡನಾಯಕ ಗಂಗರಾಜನ ಮಗ ಬೊಪ್ಪ ತಂದೆಯ ನೆನಪಿಗೆ ಇದನ್ನು ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ಬಂಕಾಪುರದಲ್ಲಿದ್ದ ವಿಷ್ಣುವರ್ಧನನಿಗೆ ತಲುಪುವ ಹೊತ್ತಿಗೆ ರಾಜನಿಗೆ ಯುದ್ಧದಲ್ಲಿ ಜಯವೂ ಮನೆಯಲ್ಲಿ ಗಂಡು ಮಗುವೂ ಆಗಿ, ದೇವರಿಗೆ ವಿಜಯ ಪಾರ್ಶ್ವನಾಥನೆಂದು ಹೆಸರಾಯಿತು. ಇಷ್ಟನ್ನೂ ಅವರು ಒಂದೇ ಉಸಿರಿಗೆ ಹೇಳುತ್ತಾರೆ. ಕೊನೆಗೆ ಒಂದು ಮಾತು ಸೇರಿಸುತ್ತಾರೆ: "ಇದೆಲ್ಲ ನಂಗೆ ಕನಸು ಬಿದ್ದು ಗೊತ್ತಾಗಿದ್ದಲ್ಲ. ಕಲ್ಲಲ್ಲಿ ಬರೆದಿಟ್ಟಿದಾರೆ. ಬರೆದಿಟ್ಟಿದ್ದನ್ನ ಓದದೆ ಬಾಯಿ ಹಾಕಬಾರದು."

ಮೇಷ್ಟ್ರ ಈ ತತ್ವಕ್ಕೆ ಪರೀಕ್ಷೆ ಬಂದದ್ದು ಮಗನ ನೌಕರಿಯಿಂದ.

ಹುಡುಗ ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿ ಏಳೆಂಟು ತಿಂಗಳು ಅರ್ಜಿ ಹಾಕಿದ. ಔಷಧಿ ಕಂಪನಿಗಳು ಅನುಭವ ಕೇಳಿದವು, ಕಾಲೇಜುಗಳು ಪಿಎಚ್.ಡಿ. ಕೇಳಿದವು. ಕಡೆಗೆ ಏನೂ ಕೇಳದೆ ಬಾ ಎಂದದ್ದು ಬೆಂಗಳೂರಿನ ಹೊರವಲಯದ ಒಂದು ಬಿಯರ್ ಕಾರ್ಖಾನೆ. ಗುಣಮಟ್ಟ ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ. ಯೀಸ್ಟ್ ಕಣಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಎಣಿಸುವುದು, ಬೇಡದ ಬ್ಯಾಕ್ಟೀರಿಯಾ ಸೇರಿದೆಯೇ ನೋಡುವುದು. ಸಂಬಳ ಪರವಾಗಿಲ್ಲ. ಪತ್ರ ಬಂದ ದಿನ ಹುಡುಗನ ಮುಖ ಅರಳಿತ್ತು, ಅಪ್ಪನ ಮುಖ ಅರ್ಧ ಅರಳಿತ್ತು. ತಾಯಿ ಮಾತ್ರ ಒಲೆಯ ಮುಂದಿನಿಂದ ಎದ್ದು ಬಂದು ಕೇಳಿದರು: "ಹೆಂಡ ಕಾಯ್ಸೋಕೆ ಏನಪ್ಪಾ ಇಷ್ಟು ವರ್ಷ ಓದ್ಸಿದ್ದು?"

ಆಕೆಯ ಮಾತಿಗೆ ಹಿಂದಿನ ಲೆಕ್ಕವೊಂದಿತ್ತು. ತವರು ಅರಸೀಕೆರೆ ಸೀಮೆಯ ಹಳ್ಳಿ. ಹಿರಿಯಣ್ಣನದು ಎರಡೆಕರೆ ತೆಂಗಿನ ತೋಟ. ಪ್ಯಾಕೆಟ್ ಸಾರಾಯಿ ಊರೂರಿಗೆ ಹೊಕ್ಕ ಕಾಲದಲ್ಲಿ ಆ ತೋಟ ಒಂದೊಂದೇ ಗುಂಟೆಯಾಗಿ ಕರಗಿತು. ತೋಟ ಮುಗಿದ ಮೇಲೆ ಅಣ್ಣನೂ ಹೋದ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗ ಆಕೆ ದೇವರಿಗೆ ತೆಂಗಿನಕಾಯಿ ಒಡೆಸಿದ್ದರು. ಆಕೆಗೆ ಬ್ರಾಂದಿ, ವಿಸ್ಕಿ, ಬಿಯರ್ ಎಂಬ ಬೇರೆ ಬೇರೆ ಹೆಸರುಗಳಲ್ಲಿ ನಂಬಿಕೆಯಿಲ್ಲ. ಎಲ್ಲ ಒಂದೇ. ಆ ಮನೆಯಲ್ಲಿ ಅದು ವಾದ ಮಾಡಿ ಗೆಲ್ಲುವ ಮಾತಲ್ಲ.

ಮೇಷ್ಟ್ರು ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. "ಸೇರೋಕೆ ಇನ್ನೂ ಮೂರು ವಾರ ಇದೆಯಲ್ಲ, ನೋಡೋಣ" ಎಂದು ಹೇಳಿ, ಮಾರನೆ ದಿನ ಬಸ್ಸು ಹತ್ತಿ ಹಾಸನದ ಗ್ರಂಥಾಲಯಕ್ಕೆ ಹೋದರು. ಮಗನ ಪಠ್ಯಪುಸ್ತಕಗಳನ್ನೂ ತಿರುವಿದರು, ಅವನ ಫೋನಿನಲ್ಲಿಯೂ ಹುಡುಕಿಸಿದರು. ಹಳೆಯ ನೋಟುಬುಕ್ಕಿನ ಖಾಲಿ ಹಾಳೆಗಳಲ್ಲಿ ಬೆಂಗಳೂರಿನ ಬಿಯರಿನ ಚರಿತ್ರೆ ಸೇರತೊಡಗಿತು.

ಶುರು ಮಾತ್ರ ಬೆಂಗಳೂರಿನಲ್ಲಲ್ಲ, ಇಂಗ್ಲೆಂಡಿನಲ್ಲಿ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಪೂರ್ವಕ್ಕಿರುವ ಬೋ ಎಂಬಲ್ಲಿ ಹಾಡ್ಜ್‌ಸನ್ ಎಂಬಾತನ ಬ್ರೂವರಿಯಿತ್ತು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಹೊರಡುವ ಧಕ್ಕೆ ಹತ್ತಿರ. ಹಾಗಾಗಿ ಇಂಡಿಯಾಕ್ಕೆ ಹೋಗುವ ಬಿಯರಿನ ವ್ಯಾಪಾರ ಬಹುಮಟ್ಟಿಗೆ ಆತನ ಮನೆತನದ ಕೈಯಲ್ಲಿತ್ತು. ದೊಡ್ಡ ದುಡ್ಡಿನ ಆಸೆಗೆ ಮನೆತನದವರು ಕಂಪನಿಯವರನ್ನೇ ಬದಿಗೆ ಸರಿಸಲು ಹೋದರು. 1820ರ ದಶಕದಲ್ಲಿ ಬರ್ಟನ್ ಎಂಬ ಊರಿನ ಆಲ್ಸಪ್, ಬಾಸ್ ಮುಂತಾದವರು ಆ ವ್ಯಾಪಾರವನ್ನು ಕಸಿದುಕೊಂಡರು. ಬರ್ಟನ್ನಿನ ಬಾವಿ ನೀರಿನಲ್ಲಿ ಜಿಪ್ಸಮ್ ಹೆಚ್ಚು. ಬಿಳಿಚು ಬಣ್ಣದ ಕಹಿ ಬಿಯರಿಗೆ ಆ ನೀರೇ ಸರಿ. ಊರಿನ ನೀರು ಊರಿನ ಭಾಗ್ಯವಾಯಿತು. 1777ರಲ್ಲಿ ಶುರುವಾದ ಬಾಸ್ ಬ್ರೂವರಿಯ ಕೆಂಪು ತ್ರಿಕೋನವೇ 1876ರಲ್ಲಿ ಬ್ರಿಟನ್ನಿನಲ್ಲಿ ನೋಂದಣಿಯಾದ ಮೊಟ್ಟಮೊದಲ ಟ್ರೇಡ್‌ಮಾರ್ಕ್. ಇಂಥ ಊರಿನ ಬ್ರೂವರಿಗಳು ಇಂಗ್ಲೆಂಡಿನಲ್ಲಿ ನೂರಾರಿದ್ದವು. ಆಮೇಲೆ ಒಂದನ್ನೊಂದು ನುಂಗುತ್ತ ಹೋದವು. ಬಾಸ್‌ನ ಬಿಯರ್ ವ್ಯವಹಾರವೂ 2000ದಲ್ಲಿ ಬೆಲ್ಜಿಯಮ್ಮಿನ ಕಂಪನಿಯ ಪಾಲಾಯಿತು.

ಹಡಗಿನ ಬಿಯರ್ ಗುಡ್ ಹೋಪ್ ಭೂಶಿರ ಸುತ್ತಿಕೊಂಡು ತಿಂಗಳುಗಟ್ಟಲೆ ಪ್ರಯಾಣ ಮಾಡಿ ಬರಬೇಕು. ಬಂದಾಗ ಬೆಲೆ ಹೆಚ್ಚು. ಇತ್ತ ಶ್ರೀರಂಗಪಟ್ಟಣ ಬಿದ್ದ ಮೇಲೆ 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಯೂರಿತ್ತು. ಸಾವಿರಾರು ಗೋರಾ ಸಿಪಾಯಿಗಳು. ಕುಡಿಯುವ ನೀರಿನ ಮೇಲೆ ಅವರಿಗೆ ನಂಬಿಕೆಯಿಲ್ಲ. ಸಿಗುವುದು ಊರಿನ ಸಾರಾಯಿ ಮತ್ತು ರಮ್. ಕುಡಿದು ಜಗಳ, ಕಾಯಿಲೆ, ಸಾವು. ಸೈನ್ಯದ ಸುಧಾರಕರು ಆಗ ಹೇಳಿದ್ದು, ಸಾರಾಯಿಯ ಬದಲು ಬಿಯರ್ ಕೊಡಿ, ಅದು ಸೌಮ್ಯ ಎಂದು.

ಈ ಸಾಲನ್ನು ಬರೆದುಕೊಂಡ ಮೇಷ್ಟ್ರು ಅಡಿಗೆರೆ ಎಳೆದಿದ್ದಾರೆ. ಕುಡಿತ ಬಿಡಿಸಲು ಕುಡಿಸುವ ಉಪಾಯ!

ಐಸು, ಫ್ರಿಜ್ಜು ಇಲ್ಲದ ಕಾಲದಲ್ಲಿ ಬಿಯರ್ ಮಾಡಲು ತಂಪು ಹವೆ ಬೇಕು. ಬಿಸಿ ಹೆಚ್ಚಾದರೆ ಕೆಟ್ಟು ಹುಳಿಯಾಗುತ್ತದೆ. ಆದ್ದರಿಂದ ಮೊದಲ ಬ್ರೂವರಿಗಳು ಬೆಟ್ಟದ ಮೇಲೆ ಹುಟ್ಟಿದವು. ಉತ್ತರದಲ್ಲಿ ಹಿಮಾಲಯದ ತಪ್ಪಲಿನ ಕಸೌಲಿ ಮತ್ತು ಮರ್ರಿ. ಅಲ್ಲಿ ಬ್ರೂವರಿ ನಡೆಸುತ್ತಿದ್ದ ಎಡ್ವರ್ಡ್ ಡಯರನ ಮಗನೇ 1919ರಲ್ಲಿ ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿಸಿದ ಜನರಲ್ ಡಯರ್. ದಕ್ಷಿಣದಲ್ಲಿ ನೀಲಗಿರಿ, 1857ರಲ್ಲಿ ಅಲ್ಲಿ ಕ್ಯಾಸಲ್ ಬ್ರೂವರಿ ಶುರುವಾಯಿತು. ಬೆಂಗಳೂರು ಬೆಟ್ಟವಲ್ಲದಿದ್ದರೂ ಎತ್ತರದ ಊರು, ಹವೆ ತಂಪು. 1885ರಲ್ಲಿ ಬೆಂಗಳೂರ್ ಬ್ರೂಯಿಂಗ್ ಕಂಪನಿ, 1903ರಲ್ಲಿ ಬ್ರಿಟಿಷ್ ಬ್ರೂಯಿಂಗ್ ಕಾರ್ಪೊರೇಷನ್, 1913ರಲ್ಲಿ ಬಿ.ಬಿ.ಬಿ. ಬ್ರೂವರಿ. ನೀಲಗಿರಿ, ಬೆಂಗಳೂರು, ಮದರಾಸುಗಳ ಇಂಥ ಐದು ಸಣ್ಣ ಬ್ರೂವರಿಗಳನ್ನು 1915ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ ಒಂದುಗೂಡಿಸಿದ. ಯುನೈಟೆಡ್ ಬ್ರೂವರೀಸ್, ಜನರ ಬಾಯಲ್ಲಿ ಯು.ಬಿ., ಹುಟ್ಟಿದ್ದು ಹೀಗೆ. ಹೆಸರಿನಲ್ಲಿರುವ 'ಯುನೈಟೆಡ್' ಸುಮ್ಮನೆ ಇಟ್ಟದ್ದಲ್ಲ.

ಮೊದಲ ಮಹಾಯುದ್ಧದ ಕಾಲ ಅದು. ದಂಡಿಗೆ ಬಿಯರ್ ಹೋಗುತ್ತಿದ್ದದ್ದು ಎತ್ತಿನ ಗಾಡಿಯಲ್ಲಿ. ಹಾಗ್ಸ್‌ಹೆಡ್ ಎಂಬ ದೊಡ್ಡ ಮರದ ಪೀಪಾಯಿ. ಒಂದರಲ್ಲಿ 54 ಗ್ಯಾಲನ್, ಅಂದರೆ 245 ಲೀಟರಿನಷ್ಟು ಹಿಡಿಯುತ್ತಿತ್ತು. ಅದನ್ನು ಕುಲುಕದ ಹಾಗೆ ಎಳೆದೊಯ್ಯುವ ಎತ್ತುಗಳಿಗೆ ಮೇವು ಹಾಕಿದವರು, ಪೀಪಾಯಿಗೆ ಪಟ್ಟಿ ಬಿಗಿದವರು, ಬಾರ್ಲಿ ಹೊತ್ತವರು ಸುತ್ತಲಿನ ಊರುಗಳ ಜನವೇ ಇದ್ದಿರಬೇಕು. ಚರಿತ್ರೆ ಲೀಶ್‌ಮನ್‌ನ ಹೆಸರು ಉಳಿಸಿಕೊಂಡಿದೆ, ಗಾಡಿಯವನ ಹೆಸರು ಉಳಿಸಿಕೊಂಡಿಲ್ಲ.

ಸ್ವಾತಂತ್ರ್ಯ ಬಂತು. ಗೋರಾ ಸಿಪಾಯಿ ಹಡಗು ಹತ್ತಿದ. ಬಿಯರ್ ಕುಡಿಯುವವರೇ ಹೋದರೆ ಬ್ರೂವರಿಯ ಗತಿ? ಆ ಹೊತ್ತಿಗೆ ಯು.ಬಿ.ಯ ಷೇರುಗಳನ್ನು ಒಂದೊಂದಾಗಿ ಕೊಂಡಿದ್ದ ಬಂಟ್ವಾಳ ಮೂಲದ ತರುಣನೊಬ್ಬನಿದ್ದ. ಸೈನ್ಯದ ವೈದ್ಯರ ಮಗ ವಿಠಲ ಮಲ್ಯ. 1947ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿಗೆ, ಅವರು ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದರು, ಮರುವರ್ಷವೇ ಅಧ್ಯಕ್ಷರು. ಕಾಲ ಮಾತ್ರ ಅನುಕೂಲವಾಗಿರಲಿಲ್ಲ. ರಾಜಾಜಿ 1937ರಲ್ಲಿ ಸೇಲಂನಲ್ಲಿ ಶುರುಮಾಡಿದ ಪಾನನಿಷೇಧ 1948ಕ್ಕೆ ಇಡೀ ಮದರಾಸು ಪ್ರಾಂತಕ್ಕೆ ಹಬ್ಬಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 47ನೆಯ ವಿಧಿಯೂ ಪಾನನಿಷೇಧಕ್ಕೆ ಪ್ರಯತ್ನಿಸಬೇಕೆಂದು ಸರ್ಕಾರಗಳಿಗೆ ಹೇಳಿತು. ಮೈಸೂರು ರಾಜ್ಯವೂ ಕೆಲಕಾಲ ಆ ದಾರಿ ಹಿಡಿದು 1967ರಲ್ಲಿ ಬಿಟ್ಟಿತು. ಈ ಮಧ್ಯೆ ಮಲ್ಯರು ಬಿಯರನ್ನಷ್ಟೇ ನೆಚ್ಚಿ ಕೂರಲಿಲ್ಲ. 1950ರಲ್ಲಿ ಕಿಸಾನ್ ಕಂಪನಿ ಕೊಂಡರು, 1951ರಲ್ಲಿ ಮದರಾಸಿನ ಮೆಕ್‌ಡೊವೆಲ್. ಎಷ್ಟೋ ಮನೆಗಳ ಮಕ್ಕಳು ಬ್ರೆಡ್ಡಿಗೆ ಸವರಿಕೊಂಡು ತಿಂದ ಕಿಸಾನ್ ಜಾಮ್ 1993ರವರೆಗೆ ಬಿಯರಿನವರ ಮನೆಯ ಸರಕೇ ಆಗಿತ್ತು. ಇದನ್ನು ಕೇಳಿ ಮೇಷ್ಟ್ರ ಹೆಂಡತಿ, "ನಮ್ಮನೇಲಿ ಜಾಮ್ ತಂದಿದ್ದೇ ಇಲ್ಲ" ಎಂದು ಒಂದೇ ಮಾತಿನಲ್ಲಿ ಪಾರಾದರು.

ಚರಿತ್ರೆಗಿಂತ ಮೇಷ್ಟ್ರನ್ನು ಹಿಡಿದು ನಿಲ್ಲಿಸಿದ್ದು ಬಿಯರ್ ಮಾಡುವ ಬಗೆ. ಮಗ ವಿವರಿಸುತ್ತ ಹೋದ: ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸುತ್ತಾರೆ. ಮೊಳಕೆ ಒಡೆಯುವಾಗ ಕಾಳಿನೊಳಗೆ ಕಿಣ್ವಗಳು ಎಚ್ಚರಗೊಂಡು ಪಿಷ್ಟವನ್ನು ಸಕ್ಕರೆಯಾಗಿಸಲು ಸಿದ್ಧವಾಗುತ್ತವೆ. ಆಗ ಒಣಗಿಸಿ, ಬಿಸಿಗೆ ಹಿಡಿದು ಮೊಳಕೆ ನಿಲ್ಲಿಸುತ್ತಾರೆ. ಇದಕ್ಕೆ ಹೆಸರು ಮಾಲ್ಟ್. ತಾಯಿ ಕಿವಿ ನಿಮಿರಿಸಿದರು. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗಿಸಿ, ಹುರಿದು ಬೀಸಿದರೆ ಆಗುವುದೂ ಮಾಲ್ಟೇ ತಾನೆ? ಈ ಹುಡುಗನನ್ನು ಎಳೆತನದಲ್ಲಿ ಸಾಕಿದ್ದೇ ಅದರಲ್ಲಿ. ಇಲ್ಲಿಯವರೆಗೆ ಅಡುಗೆಮನೆಯೂ ಬ್ರೂವರಿಯೂ ಒಂದೇ ದಾರಿ. ಮುಂದೆ ದಾರಿ ಕವಲೊಡೆಯುತ್ತದೆ. ಮಾಲ್ಟನ್ನು ಬಿಸಿನೀರಿನಲ್ಲಿ ಕಲಸಿ ಸಿಹಿನೀರು ಬಸಿಯುತ್ತಾರೆ, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂ ಹಾಕಿ ಕುದಿಸುತ್ತಾರೆ, ತಣಿಸಿ ಯೀಸ್ಟ್ ಬಿಡುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಆಲ್ಕೊಹಾಲನ್ನೂ ಗಾಳಿಗುಳ್ಳೆಯನ್ನೂ ಬಿಡುತ್ತದೆ. ಬಸಿದು ಉಳಿದ ಬಾರ್ಲಿ ಚರಟ ಹಸುಗಳಿಗೆ ಹೋಗುತ್ತದೆ.

ಯೀಸ್ಟ್ ಜೀವಿಯೆಂದು ಲೋಕಕ್ಕೆ ಒಪ್ಪಿಸಲು ಲೂಯಿ ಪಾಸ್ತರ್ ಎಂಬ ಮಹಾನುಭಾವ ಹೆಣಗಬೇಕಾಯಿತು. 1870ರ ಯುದ್ಧದಲ್ಲಿ ಜರ್ಮನಿ ಫ್ರಾನ್ಸನ್ನು ಸೋಲಿಸಿದ ಸಿಟ್ಟಿಗೆ, ಬಿಯರಿನಲ್ಲಾದರೂ ಜರ್ಮನರನ್ನು ಮೀರಿಸಬೇಕೆಂದು ಆತ ಕುಳಿತು ಅಧ್ಯಯನ ಮಾಡಿ 1876ರಲ್ಲಿ ಪುಸ್ತಕ ಪ್ರಕಟಿಸಿದ. ಕೆಟ್ಟ ಬಿಯರಿನಲ್ಲಿ ಬೇರೆ ಜೀವಾಣುಗಳು ಸೇರಿರುತ್ತವೆ ಎಂದು ತೋರಿಸಿದ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬ್ರೂವರಿಯ ಲ್ಯಾಬಿನಲ್ಲಿ ಎಮಿಲ್ ಹ್ಯಾನ್ಸನ್ 1883ರಲ್ಲಿ ಒಂದೇ ಒಂದು ಯೀಸ್ಟ್ ಕಣದಿಂದ ಶುದ್ಧ ತಳಿ ಬೆಳೆಸಿದ. ಆ ವಿಧಾನವನ್ನು ಗುಟ್ಟಾಗಿಡದೆ ಎಲ್ಲರಿಗೂ ಕೊಟ್ಟರು. ಅದೇ ಲ್ಯಾಬಿನಲ್ಲಿ 1909ರಲ್ಲಿ ಸೋರೆನ್‌ಸೆನ್ ಆಮ್ಲತೆಯನ್ನು ಅಳೆಯುವ ಪಿಎಚ್ ಮಾನ ರೂಪಿಸಿದ. ಮೇಷ್ಟ್ರು ಎಷ್ಟೋ ವರ್ಷ ಮಕ್ಕಳಿಗೆ ಲಿಟ್ಮಸ್ ಕಾಗದ ಅದ್ದಿ ತೋರಿಸಿದವರು. ಪಿಎಚ್ ಎಂಬುದು ಬ್ರೂವರಿಯಿಂದ ಬಂತೆಂದು ಅವರಿಗೇ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಅಂಕಿಅಂಶ ಶಾಸ್ತ್ರ ಓದುವವರನ್ನು ಕಾಡುವ 'ಸ್ಟೂಡೆಂಟ್ಸ್ ಟಿ-ಟೆಸ್ಟ್' ಕೂಡ ಅಂಥದೇ. 1908ರಲ್ಲಿ ಅದನ್ನು ಬರೆದ ಗಾಸೆಟ್, ಡಬ್ಲಿನ್ನಿನ ಗಿನ್ನೆಸ್ ಬ್ರೂವರಿಯ ನೌಕರ. ಸ್ವಂತ ಹೆಸರು ಹಾಕುವ ಹಾಗಿಲ್ಲದೆ 'ಸ್ಟೂಡೆಂಟ್' ಎಂದು ಸಹಿ ಮಾಡಿದ್ದ. ಶಕ್ತಿಯ ಮಾನಕ್ಕೆ ಹೆಸರು ಕೊಟ್ಟ ಜೂಲ್ ಕೂಡ ಬ್ರೂವರಿ ಮನೆತನದವನೇ.

ಹುಡುಗ ಗೆದ್ದ ಧಾಟಿಯಲ್ಲಿ ಅಮ್ಮನ ಕಡೆ ನೋಡಿದ. ಮೇಷ್ಟ್ರು ತಡೆದರು. "ತಾಳು, ಇನ್ನೊಂದು ಕಡೆದೂ ಇದೆ" ಎಂದು ಬಸದಿಯ ಮಾತು ತೆಗೆದರು. ಜೈನರು ಮದ್ಯ, ಮಾಂಸ, ಮಧು ಮೂರನ್ನೂ ಬಿಡುತ್ತಾರಷ್ಟೆ? ಅಮಲೇರಿ ಬುದ್ಧಿ ಕೆಡುತ್ತದೆ ಎಂಬುದೊಂದು ಕಾರಣ. ಸುಮಾರು ಸಾವಿರ ವರ್ಷದ ಹಿಂದಿನ 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಅಮೃತಚಂದ್ರರು ಮತ್ತೊಂದು ಕಾರಣ ಕೊಡುತ್ತಾರೆ. ಮದ್ಯವೆಂಬುದು ಲೆಕ್ಕವಿಲ್ಲದಷ್ಟು ಜೀವಗಳು ಹುಟ್ಟುವ ತಾಣ, ಕುಡಿದರೆ ಅವುಗಳ ಹಿಂಸೆ. ಸೂಕ್ಷ್ಮದರ್ಶಕವಿಲ್ಲದ ಕಾಲದ ಮಾತು. "ಪಾಸ್ತರ್ ಅದೇ ಜೀವ ನೋಡಿ ಬಿಯರ್ ಕೆಡದ ಹಾಗೆ ಮಾಡೋದು ಹೇಗೆ ಅಂದ. ಇವರು ಅದೇ ಜೀವ ನೆನೆದು ಮುಟ್ಟಬೇಡ ಅಂದರು. ನೀನು ಎಣಿಸೋಕೆ ಹೋಗ್ತಿದೀಯ." ಹುಡುಗ ನಕ್ಕ. ಆದರೆ ಮೇಷ್ಟ್ರು ನಗಲಿಲ್ಲ. ಆಲ್ಕೊಹಾಲು ಕ್ಯಾನ್ಸರ್‌ಕಾರಕವೆಂದು 1988ರಲ್ಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪಟ್ಟಿಮಾಡಿದ್ದನ್ನೂ, ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದನ್ನೂ ನೋಟುಬುಕ್ಕಿನಿಂದ ಓದಿದರು. ಅಬಕಾರಿಯಿಂದ ರಾಜ್ಯದ ಬೊಕ್ಕಸಕ್ಕೆ ವರ್ಷಕ್ಕೆ ಮೂವತ್ತು ಸಾವಿರ ಕೋಟಿ ರೂಪಾಯಿಗೂ ಮೇಲೆ ಬರುತ್ತದೆಂಬುದನ್ನೂ ಓದಿದರು. "ನಂಗೆ ಬಂದ ಸಂಬಳದಲ್ಲೂ, ಈಗಿನ ಪಿಂಚಣಿಯಲ್ಲೂ ಅದರ ಪಾಲು ಇದ್ದೇ ಇರುತ್ತೆ. ಅದನ್ನೂ ಹೇಳಬೇಕಲ್ಲ" ಎಂದರು. ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಮೌನ ಮುರಿದದ್ದು ತಾಯಿ. "ಅಲ್ಲಿ ಕೆಲಸ ಮಾಡೋರು ಕುಡೀಬೇಕಾ?"

ಇದೊಂದನ್ನು ಹುಡುಗ ಹೇಳಿರಲಿಲ್ಲ. ಬ್ರೂವರಿಗಳಲ್ಲಿ ಯಂತ್ರ ಎಷ್ಟೇ ಇರಲಿ, ಕಡೆಯ ತೀರ್ಪು ನಾಲಗೆಯದು. ರುಚಿ ನೋಡುವವರದೊಂದು ತಂಡವಿರುತ್ತದೆ. ಬೆಣ್ಣೆಯ ವಾಸನೆ ಬಂದರೆ ಯೀಸ್ಟ್ ಕೆಲಸ ಮುಗಿಸಿಲ್ಲ ಎಂದರ್ಥ, ಒದ್ದೆ ರಟ್ಟಿನ ವಾಸನೆ ಬಂದರೆ ಹಳತಾಗಿದೆ ಎಂದರ್ಥ. ಲ್ಯಾಬಿನವರೂ ಸರದಿಯ ಮೇಲೆ ಕೂರಬೇಕಾಗಬಹುದು. ಹುಡುಗ ತಡವರಿಸುತ್ತ ಹೇಳಿದ. ತಾಯಿ ಒಳಗೆ ಹೋದರು. ಆ ರಾತ್ರಿ ಊಟಕ್ಕೆ ಬಡಿಸಿದರು, ಕೂತು ಉಣ್ಣಲಿಲ್ಲ.

ಬೇಡ ಎಂದರೆ ಹುಡುಗ ನಿಲ್ಲುತ್ತಿದ್ದ. ಹೋಗು ಎಂದರೆ ಹೆಂಡತಿಯ ಅಣ್ಣನ ತೋಟವನ್ನು ಮರೆತ ಹಾಗೆ. ಮೇಷ್ಟ್ರು ಕಡೆಗೆ ಹೇಳಿದ್ದು ಎರಡೂ ಅಲ್ಲ. "ಹೋಗೋದು ಬಿಡೋದು ನಿಂದು ಕಣೋ. ಆದರೆ ನಿಮ್ಮಮ್ಮ ಏನು ಕೇಳಿದರೂ ಇದ್ದದ್ದು ಇದ್ದ ಹಾಗೆ ಹೇಳಬೇಕು. ಮುಚ್ಚಿಟ್ಟರೆ ಆವತ್ತೇ ವಾಪಸ್ ಬಾ." ಇದು ಜಾಣ ಪರಿಹಾರವೋ, ಹೊಣೆಯನ್ನು ಮಗನ ಹೆಗಲಿಗೆ ದಾಟಿಸಿದ್ದೋ ಎಂದು ಕೇಳಿದರೆ, ಎರಡನೆಯದೇ ಹೆಚ್ಚು ಎನ್ನಬೇಕಾಗುತ್ತದೆ. ಹುಡುಗ ಹೋದ. ಊರಿನವರು ಕೇಳಿದಾಗ ತಾಯಿ "ಲ್ಯಾಬಲ್ಲಿ ಕೆಲಸ" ಎಂದು ನಿಲ್ಲಿಸಿಬಿಡುತ್ತಿದ್ದರು. ಯಾವ ಲ್ಯಾಬು ಎಂದು ಯಾರೂ ಕೆದಕಲಿಲ್ಲ. ಕೊರೋನಾ ಬಂದು ಹೋದ ಮೇಲೆ ಆ ಶಬ್ದಕ್ಕೆ ಊರಲ್ಲಿ ಮರ್ಯಾದೆ ಹೆಚ್ಚಿದೆ.

ಆರು ತಿಂಗಳ ಮೇಲೆ ಗಂಡಹೆಂಡಿರು ಅರಸೀಕೆರೆಗೆ ಬಂದು ರೈಲು ಹತ್ತಿ ಬೆಂಗಳೂರಿಗೆ ಹೋದರು, ಮಗನ ಕೋಣೆ ನೋಡಲು. ಮೇಷ್ಟ್ರಿಗೆ ಇನ್ನೊಂದು ನೆವವೂ ಇತ್ತು. ಯು.ಬಿ.ಯ ಹಳೆಯ ಬ್ರೂವರಿ ಇದ್ದ ಜಾಗವನ್ನು ಕಣ್ಣಾರೆ ಕಾಣಬೇಕು. ಗ್ರಾಂಟ್ ರೋಡ್ ಎಂಬ ಹೆಸರು ಹೋಗಿ ಅದು ಈಗ ವಿಠಲ ಮಲ್ಯ ರಸ್ತೆ. 1983ರಲ್ಲಿ ತೀರಿಕೊಂಡ ಮಲ್ಯರ ಹೆಸರು. ಬ್ರೂವರಿಯಿದ್ದ ಕಡೆ ಯು.ಬಿ. ಸಿಟಿಯ ಗೋಪುರಗಳು ಎದ್ದು 2008ರಲ್ಲಿ ಅಂಗಡಿಗಳು ತೆರೆದವು. ಕಂಪನಿಯೂ ಕೈ ಬದಲಾಯಿಸಿದೆ. 2021ರಲ್ಲಿ ಅದರ ಹತೋಟಿ ಹಾಲೆಂಡಿನ ಹೈನೆಕೆನ್ ಪಾಲಾಯಿತು. ಐದು ಸಣ್ಣವು ಸೇರಿ ಒಂದು ದೊಡ್ಡದಾದದ್ದು, ಆ ದೊಡ್ಡದು ಇನ್ನೂ ದೊಡ್ಡದರೊಳಗೆ ಸೇರಿತು.

ಮೇಷ್ಟ್ರು ಗೇಟಿನ ಆಚೆ ಈಚೆ ನಡೆದರು. ಇಲ್ಲಿ ಇಂಥ ಬ್ರೂವರಿ ಇತ್ತು, ಇಂಥವರು ಕಟ್ಟಿದರು ಎಂಬ ಕಲ್ಲಾಗಲಿ ಹಲಗೆಯಾಗಲಿ ಅವರ ಕಣ್ಣಿಗೆ ಬೀಳಲಿಲ್ಲ. ಕಾವಲಿನವನನ್ನು ಕೇಳಿದರು. ಅವನು ಬಿಹಾರದ ಹುಡುಗ. ಹಿಂದಿಯಲ್ಲಿ, ಗೊತ್ತಿಲ್ಲ ಎಂದ.

"ಇಲ್ಲೇನಾ ಕಾಯಿಸ್ತಿದ್ದಿದ್ದು?" ತಾಯಿ ಎತ್ತರದ ಗಾಜಿನ ಗೋಡೆ ನೋಡುತ್ತ ಕೇಳಿದರು.

"ಹೂಂ ಕಣೇ."

ಬಸ್‌ಸ್ಟಾಪಿಗೆ ನಡೆಯುವಾಗ ಆಕೆ ಮಗನ ಪಕ್ಕಕ್ಕೆ ಬಂದರು. ಚೀಲದಲ್ಲಿದ್ದ ರಾಗಿ ಹಿಟ್ಟಿನ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು.

"ಈ ವಾರ ರುಚಿ ನೋಡಿದ್ಯಾ?"

"ಮೂರು ಸಲ ಅಮ್ಮ."

"ಉಗೀಬಹುದಲ್ಲ?"

"ಇಲ್ಲಮ್ಮ. ಬಿಯರಲ್ಲಿ ಕಹಿ ನಾಲಗೆಯ ಬುಡದಲ್ಲಿ ನಿಲ್ಲುತ್ತೆ. ನುಂಗಿದ ಮೇಲೇ ಗೊತ್ತಾಗೋದು. ಒಂದೊಂದು ಗುಟುಕು."

ಮೇಷ್ಟ್ರು ನಾಲ್ಕು ಹೆಜ್ಜೆ ಮುಂದಿದ್ದರು, ತಿರುಗಿ ನೋಡಲಿಲ್ಲ. ತಾಯಿ ಡಬ್ಬಿಯನ್ನು ಮಗನ ಕೈಗೆ ಕೊಟ್ಟು, "ಬೆಳಿಗ್ಗೆ ಬರೀ ಹೊಟ್ಟೇಲಿ ಹೋಗ್ಬೇಡ, ಇದನ್ನ ಕಾಯಿಸ್ಕೊಂಡು ಕುಡಿ" ಎಂದರು. ಮೆಜೆಸ್ಟಿಕ್ ಬಸ್ಸು ಬಂತು. ಜಾಗ ಒಂದೇ ಇತ್ತು, ಆಕೆ ಕೂತರು.